ಓಡುವ ಗಡಿಯಾರವನ್ನು ನಿಲ್ಲಿಸುವ ಧೈರ್ಯ

2016ರ ಜನವರಿಯಲ್ಲಿ ಬೆಂಗಳೂರಿನ ಎರಡು ವಾಚ್ ಕಂಪನಿಗಳು ಸುದ್ದಿಯಲ್ಲಿದ್ದವು. ತಿಂಗಳ ಮೊದಲ ವಾರದಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದೇ ತಿಂಗಳಲ್ಲಿ ಟೈಟನ್ ಕಂಪನಿ ಎಚ್‌ಪಿ ಜೊತೆ ಸೇರಿ ತಯಾರಿಸಿದ ತನ್ನ ಮೊದಲ ಸ್ಮಾರ್ಟ್‌ವಾಚನ್ನು ಮಾರುಕಟ್ಟೆಗೆ ತಂದಿತು. ಒಂದರ ಕಾರ್ಖಾನೆ ಜಾಲಹಳ್ಳಿಯಲ್ಲಿ, ಇನ್ನೊಂದರದು ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನಲ್ಲಿ. ಎರಡೂ ಒಂದೇ ದೇಶದ ಜನರಿಗೆ, ಒಂದೇ ವಸ್ತುವನ್ನು ಮಾರಿದವು. ಮೊದಲಿನ ವರ್ಷಗಳಲ್ಲಿ ಟೈಟನ್ ಕಟ್ಟಿದ ಎಂಜಿನಿಯರುಗಳಲ್ಲಿ ಹಲವರು ಎಚ್‌ಎಂಟಿಯಲ್ಲೇ ಕೆಲಸ ಕಲಿತು ಬಂದವರು. ಹಾಗಿದ್ದೂ ಒಂದು ಮುಚ್ಚಿತು, ಇನ್ನೊಂದು ದೇಶದ ದೊಡ್ಡ ಕಂಪನಿಗಳಲ್ಲಿ ಒಂದಾಯಿತು.

ತಂತ್ರಜ್ಞಾನ ಬದಲಾಗುವಾಗ ಕಂಪನಿಯ ಮುಖ್ಯಸ್ಥನಾದವನು ನಿಜವಾಗಿ ಮಾಡುವ ಕೆಲಸ ಯಾವುದು ಎಂದು ತಿಳಿಯಲು ಕ್ಯಾಲಿಫೋರ್ನಿಯಾದ ಉದಾಹರಣೆಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಈ ಎರಡು ಊರುಗಳ ನಡುವಿನ ಅರವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲೇ ಆ ಕಥೆ ಇದೆ.

ಎಚ್‌ಎಂಟಿಯ ಹಿರಿಮೆಯನ್ನು ಮೊದಲು ಹೇಳಬೇಕು. ಯಂತ್ರೋಪಕರಣ ತಯಾರಿಸಲೆಂದು 1953ರಲ್ಲಿ ಹುಟ್ಟಿದ ಈ ಸಾರ್ವಜನಿಕ ಸಂಸ್ಥೆ, ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಜವಾಹರಲಾಲ್ ನೆಹರೂ. ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಕೆಲಸ ಸಿಕ್ಕ ಮಗಳಿಗೆ, ಮದುವೆಯಲ್ಲಿ ಅಳಿಯನಿಗೆ ಕೊಡುವ ವಸ್ತು ಎಂದರೆ ಎಚ್‌ಎಂಟಿ ವಾಚು. ದೃಷ್ಟಿ ಇಲ್ಲದವರು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯಲೆಂದು ಬ್ರೈಲ್ ವಾಚನ್ನೂ ಅದು ಮಾಡಿತು. ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲಿ ಕಾರ್ಖಾನೆಗಳು ಎದ್ದವು. ಬೇಡಿಕೆ ಎಷ್ಟಿತ್ತೆಂದರೆ ಕೆಲವು ಮಾದರಿಗಳಿಗಾಗಿ ಜನ ಪರಿಚಯದವರ ಶಿಫಾರಸು ಹಿಡಿದು ತಿಂಗಳುಗಟ್ಟಲೆ ಕಾಯುತ್ತಿದ್ದರು.

ಆ ಸರದಿಯ ಸಾಲೇ ಮುಂದೆ ಎಚ್‌ಎಂಟಿಗೆ ಮುಳುವಾಯಿತು. ಮಾಡಿದ್ದೆಲ್ಲ ಖರ್ಚಾಗುವ ಅಂಗಡಿಯಲ್ಲಿ, ಗಿರಾಕಿಯ ಮನಸ್ಸು ಬೇರೆಡೆ ತಿರುಗಿದ್ದು ಗಲ್ಲಾಪೆಟ್ಟಿಗೆಯಿಂದ ಗೊತ್ತಾಗುವುದಿಲ್ಲ.

ಮನಸ್ಸು ತಿರುಗಿದ್ದು ಕ್ವಾರ್ಟ್ಜ್ ಕಡೆಗೆ. ಕೀ ಕೊಡುವ ವಾಚಿನಲ್ಲಿ ಸುತ್ತಿದ ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ದಿನಕ್ಕೆ ಹಲವು ಸೆಕೆಂಡು ಹಿಂದೆ ಮುಂದೆ ಆಗುವುದು ಅದರ ಸ್ವಭಾವ. ಕ್ವಾರ್ಟ್ಜ್ ವಾಚಿನ ಒಳಗೆ ಇರುವುದು ಬೆಣಚು ಹರಳಿನ ಒಂದು ಚೂರು ಮತ್ತು ಒಂದು ಪುಟ್ಟ ಸೆಲ್. ವಿದ್ಯುತ್ ಹರಿದಾಗ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಅಂಗಡಿಯಲ್ಲಿ ಸಿಗುವ ಬಹುತೇಕ ವಾಚುಗಳಲ್ಲಿ ಇದೇ ಸಂಖ್ಯೆ. ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದು ಮಿಡಿತವೇ ಸೆಕೆಂಡಿನ ಮುಳ್ಳನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತದೆ. ಜಪಾನಿನ ಸೈಕೋ ಕಂಪನಿ 1969ರ ಡಿಸೆಂಬರ್ 25ರಂದು 'ಆಸ್ಟ್ರಾನ್' ಎಂಬ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಬೆಲೆ 4,50,000 ಯೆನ್, ಅಂದರೆ ಅಂದಿನ ಒಂದು ಸಣ್ಣ ಕಾರಿನಷ್ಟು. ತಿಂಗಳಿಗೆ ಐದು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ ಎಂಬುದು ಅದರ ಭರವಸೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗಳು ಅಗ್ಗವಾಗಿ, ಅಂಥದೇ ವಾಚು ಸಾಮಾನ್ಯರ ಕೈಗೆಟುಕಿತು.

ಕ್ವಾರ್ಟ್ಜ್ ಬಂದು ಸ್ವಿಟ್ಜರ್ಲೆಂಡಿನ ವಾಚ್ ಉದ್ಯಮವನ್ನು ಬೀಳಿಸಿತು ಎಂದು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಹೇಳದ ಸಂಗತಿ ಇನ್ನೊಂದಿದೆ. ಕ್ವಾರ್ಟ್ಜ್ ಸ್ವಿಸ್ಸರ ಕೈಯಲ್ಲೂ ಇತ್ತು. ಅವರ ಕಂಪನಿಗಳೇ ಸೇರಿ ನ್ಯೂಶಾಟೆಲ್ ಪಟ್ಟಣದಲ್ಲಿ 1962ರಲ್ಲಿ ಎಲೆಕ್ಟ್ರಾನಿಕ್ ಗಡಿಯಾರದ ಸಂಶೋಧನಾ ಕೇಂದ್ರ ಸ್ಥಾಪಿಸಿದ್ದವು. 1967ರಲ್ಲಿ ಅಲ್ಲಿನ ವೀಕ್ಷಣಾಲಯದ ನಿಖರತೆಯ ಸ್ಪರ್ಧೆಯಲ್ಲಿ ಈ ಕೇಂದ್ರದ ಕ್ವಾರ್ಟ್ಜ್ ಮಾದರಿಗಳು ಸೈಕೋವನ್ನು ಹಿಂದೆ ಹಾಕಿ ಮೊದಲ ಸ್ಥಾನಗಳನ್ನು ಪಡೆದವು. ಅಷ್ಟಾದ ಮೇಲೂ ಕಂಪನಿಗಳನ್ನು ನಡೆಸುತ್ತಿದ್ದವರು ಅದನ್ನು ಪೂರ್ಣ ಮನಸ್ಸಿನಿಂದ ಎತ್ತಿಕೊಳ್ಳಲಿಲ್ಲ. ಕೈಕೆಲಸದ ಹೆಮ್ಮೆ ಇತ್ತು, ಹಳೆಯ ವಾಚುಗಳು ಚೆನ್ನಾಗಿಯೇ ಮಾರಾಟವಾಗುತ್ತಿದ್ದವು. 1970ರ ಸುಮಾರಿಗೆ ಆ ಉದ್ಯಮದಲ್ಲಿ ಹತ್ತಿರ ಹತ್ತಿರ 90,000 ಜನ ದುಡಿಯುತ್ತಿದ್ದರು. 1980ರ ದಶಕದ ನಡುವಿನ ಹೊತ್ತಿಗೆ ಉಳಿದದ್ದು ಅದರ ಮೂರನೇ ಒಂದು ಭಾಗದಷ್ಟು.

ಎಚ್‌ಎಂಟಿಯ ವಿಷಯದಲ್ಲೂ ಇದೇ ನಡೆಯಿತು. ಟೈಟನ್ ಹುಟ್ಟುವ ಮೊದಲೇ, 1980ರ ದಶಕದ ಆರಂಭದಲ್ಲಿ, ಎಚ್‌ಎಂಟಿ ಕ್ವಾರ್ಟ್ಜ್ ವಾಚುಗಳನ್ನು ಹೊರತಂದಿತ್ತು. ತಂತ್ರ ತಿಳಿದಿತ್ತು, ಯಂತ್ರವಿತ್ತು, ನುರಿತ ಕೆಲಸಗಾರರಿದ್ದರು, ದೇಶದ ಮೂಲೆ ಮೂಲೆಯಲ್ಲಿ ಹೆಸರಿತ್ತು. ಆದರೆ ಬೆಲೆ ಹೆಚ್ಚೆನಿಸಿ ಮಾರಾಟ ಮಂದವಾದಾಗ ಕಂಪನಿ ತನಗೆ ಗೊತ್ತಿದ್ದ ಕೀ ಕೊಡುವ ವಾಚಿಗೇ ಮತ್ತೆ ಒತ್ತು ಕೊಟ್ಟಿತು. ಅದೇ ಸಮಯದಲ್ಲಿ ಹಡಗಿನಲ್ಲಿ ಕದ್ದು ಬರುತ್ತಿದ್ದ ಜಪಾನಿ ಕ್ವಾರ್ಟ್ಜ್ ವಾಚುಗಳನ್ನು ದೊಡ್ಡ ಊರುಗಳ ಸಂದಿಗೊಂದಿಯ ಅಂಗಡಿಗಳಲ್ಲಿ ಜನ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಭಾರತದ ಗಿರಾಕಿಗೆ ಸೆಲ್ಲಿನ ವಾಚು ಬೇಡ ಎಂಬ ಮಾತಿಗೆ ಆ ಕಳ್ಳಸಂತೆಯೇ ಉತ್ತರ ಕೊಡುತ್ತಿತ್ತು.

ಈ ಉತ್ತರವನ್ನು ಸರಿಯಾಗಿ ಓದಿದವರು ಜೆರ್ಕ್ಸಿಸ್ ದೇಸಾಯಿ. ಆಕ್ಸ್‌ಫರ್ಡಿನಲ್ಲಿ ಓದಿ ಟಾಟಾ ಸಮೂಹ ಸೇರಿದ್ದ ದೇಸಾಯಿ ಎಂಜಿನಿಯರ್ ಆಗಿರಲಿಲ್ಲ. ವಾಚಿಗೆ ಕೈ ಹಾಕುವ ಮೊದಲು ಅವರು ನೋಡಿಕೊಳ್ಳುತ್ತಿದ್ದದ್ದು ಟಾಟಾ ಮುದ್ರಣಾಲಯವನ್ನು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಟೈಟನ್ ಸ್ಥಾಪಿಸಿದಾಗ ಅವರು ಅದರ ಮೊದಲ ವ್ಯವಸ್ಥಾಪಕ ನಿರ್ದೇಶಕರಾದರು. ಮಾರುಕಟ್ಟೆಯ ಬಹುಪಾಲು ಕೀ ಕೊಡುವ ವಾಚಿನದಾಗಿದ್ದಾಗ, ತಮ್ಮದು ಕ್ವಾರ್ಟ್ಜ್ ವಾಚು ಎಂದು ಅವರು ತೀರ್ಮಾನಿಸಿದರು. ಎರಡೂ ದೋಣಿಯಲ್ಲಿ ಕಾಲಿಡುವ ದಾರಿ ಅವರಿಗೂ ತೆರೆದಿತ್ತು, ಅದನ್ನು ಅವರು ಆರಿಸಲಿಲ್ಲ. ತಂತ್ರಜ್ಞಾನಕ್ಕೆ ಫ್ರಾನ್ಸ್ ಎಬೋಷ್ ಎಂಬ ಫ್ರೆಂಚ್ ಕಂಪನಿಯ ಜೊತೆ ಒಪ್ಪಂದವಾಯಿತು. ಹೊಸೂರಿನ ಸುತ್ತಲಿನ ಊರುಗಳ ಹುಡುಗ ಹುಡುಗಿಯರನ್ನು ಶಾಲೆ ಮುಗಿಸಿದ ಕೂಡಲೇ ಕರೆತಂದು, ಚಿಮಟ ಹಿಡಿದು ಕೂದಲೆಳೆಯಂಥ ಭಾಗಗಳನ್ನು ಕೂರಿಸುವುದನ್ನು ಕಲಿಸಲಾಯಿತು.

ದೇಸಾಯಿಯವರ ದೊಡ್ಡ ಹೊಳಹು ಹರಳು ಮತ್ತು ಸೆಲ್ಲಿನ ಆಚೆಗಿತ್ತು. ಕ್ವಾರ್ಟ್ಜ್ ಬಂದ ಮೇಲೆ ಸಾವಿರ ರೂಪಾಯಿಯ ವಾಚೂ ಲಕ್ಷ ರೂಪಾಯಿಯ ವಾಚೂ ಹೊತ್ತನ್ನು ಒಂದೇ ಸಮನೆ ಸರಿಯಾಗಿ ತೋರಿಸುತ್ತವೆ. ಹಾಗಾದ ಮೇಲೆ ಗಿರಾಕಿ ಯಾವುದನ್ನು ನೋಡಿ ಕೊಳ್ಳಬೇಕು? ಚೆಂದವನ್ನು. ಹೊಸ ತಂತ್ರಜ್ಞಾನ ವಾಚನ್ನು ಉಪಕರಣದ ಸಾಲಿನಿಂದ ಎತ್ತಿ ಒಡವೆಯ ಸಾಲಿಗೆ ತಂದು ಇಟ್ಟಿದೆ ಎಂಬುದನ್ನು ಅವರು ಮೊದಲೇ ಕಂಡರು. ಹಾಗಾಗಿ ಧೂಳು ಹಿಡಿದ ಗಾಜಿನ ಪೆಟ್ಟಿಗೆಯಲ್ಲಿ ಹತ್ತರ ಜೊತೆ ಹನ್ನೊಂದಾಗಿ ಕೂರುವ ಬದಲು ಟೈಟನ್‌ಗೆ ತನ್ನದೇ ಷೋರೂಮುಗಳು ಬಂದವು. ಪತ್ರಿಕೆಗಳಲ್ಲಿ ಮಾದರಿ ಮಾದರಿಯ ಚಿತ್ರ, ಪಕ್ಕದಲ್ಲಿ ಬೆಲೆ ಹಾಕಿದ ಪುಟಗಟ್ಟಲೆ ಜಾಹೀರಾತುಗಳು ಬಂದವು. ದೂರದರ್ಶನದಲ್ಲಿ ಮೊಜಾರ್ಟನ 25ನೇ ಸಿಂಫನಿಯ ಒಂದು ತುಣುಕು ಮೊಳಗಿತು. ಆ ಸಂಗೀತ ಯಾರದೆಂದು ತಿಳಿಯದ ಲಕ್ಷಾಂತರ ಮನೆಗಳಲ್ಲಿ ಅದು ಟೈಟನ್ ರಾಗವೆಂದೇ ಪ್ರಸಿದ್ಧವಾಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಚ್‌ಎಂಟಿ ಸರ್ಕಾರದ್ದು, ಟೈಟನ್ ಖಾಸಗಿ, ಅದಕ್ಕೇ ಹೀಗಾಯಿತು ಎಂದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಟೈಟನ್‌ನಲ್ಲೂ ಸರ್ಕಾರದ ಹಣವಿದೆ. ಇಂದಿಗೂ ಅದರ ಅತಿ ದೊಡ್ಡ ಷೇರುದಾರ ತಮಿಳುನಾಡು ಸರ್ಕಾರದ ಆ ನಿಗಮವೇ, ಅದರ ಪಾಲು ಶೇಕಡ 27ಕ್ಕಿಂತ ಹೆಚ್ಚು. ವ್ಯತ್ಯಾಸವಿದ್ದದ್ದು ಹಣ ಯಾರದು ಎಂಬುದರಲ್ಲಿ ಅಷ್ಟಾಗಿ ಅಲ್ಲ, ತೀರ್ಮಾನ ಯಾರದು ಎಂಬುದರಲ್ಲಿ. ದೇಸಾಯಿ ಆ ಕುರ್ಚಿಯಲ್ಲಿ ಸುಮಾರು ಹದಿನೆಂಟು ವರ್ಷ ಕುಳಿತರು. ಅವರ ನಂತರ 2002ರಲ್ಲಿ ಬಂದ ಭಾಸ್ಕರ್ ಭಟ್ ಹದಿನೇಳು ವರ್ಷ ಕುಳಿತರು. ಇಬ್ಬರಿಗೂ ತಪ್ಪು ಮಾಡಲು, ಅದನ್ನು ತಿದ್ದಿಕೊಳ್ಳಲು, ತಿದ್ದಿಕೊಂಡದ್ದರ ಫಲ ನೋಡಲು ಸಮಯವಿತ್ತು. ಎಚ್‌ಎಂಟಿಯ ಮುಖ್ಯಸ್ಥರ ನೇಮಕ ದೆಹಲಿಯಲ್ಲಿ ಆಗುತ್ತಿತ್ತು, ದೊಡ್ಡ ಹೂಡಿಕೆಗೆ ಸಚಿವಾಲಯದ ಒಪ್ಪಿಗೆ ಬೇಕಿತ್ತು, ಕಾರ್ಖಾನೆ ಎಲ್ಲಿ ಏಳಬೇಕೆಂಬುದರಲ್ಲಿ ಪ್ರದೇಶಗಳ ಅಭಿವೃದ್ಧಿಯ ಲೆಕ್ಕವೂ ಸೇರುತ್ತಿತ್ತು. ಆ ಲೆಕ್ಕ ದೇಶದ ದೃಷ್ಟಿಯಿಂದ ತಪ್ಪೂ ಆಗಿರಲಿಲ್ಲ. ಆದರೆ ಚೆನ್ನಾಗಿ ಮಾರಾಟವಾಗುತ್ತಿರುವ ವಾಚನ್ನು ನಾಳೆಯಿಂದ ಕಡಿಮೆ ಮಾಡೋಣ ಎಂದು ಹೇಳಿ ಆ ಮಾತಿಗೆ ಹೊಣೆ ಹೊರಬಲ್ಲ ಅಧಿಕಾರ ಅಲ್ಲಿ ಯಾರ ಕೈಯಲ್ಲೂ ಪೂರ್ತಿಯಾಗಿ ಇರಲಿಲ್ಲ. ಜಾಲಹಳ್ಳಿಯ, ತುಮಕೂರಿನ ಕೆಲಸಗಾರರ ಮೇಲೆ ತಪ್ಪು ಹೊರಿಸುವ ಮಾತುಗಳು ಆಗಾಗ ಕೇಳಿಬರುತ್ತವೆ. ಅದು ಅನ್ಯಾಯ. ಅವರು ಮಾಡಿದ ವಾಚು ಕೆಟ್ಟದಾಗಿರಲಿಲ್ಲ.

ಕುಸಿದ ಮೇಲೂ ಏಳಬಹುದು ಎಂಬುದಕ್ಕೆ ಸ್ವಿಟ್ಜರ್ಲೆಂಡಿನದೇ ಮುಂದಿನ ಅಧ್ಯಾಯ ಸಾಕ್ಷಿ. 1980ರ ದಶಕದ ಆರಂಭದಲ್ಲಿ ಅಲ್ಲಿನ ಎರಡು ದೊಡ್ಡ ವಾಚ್ ಸಮೂಹಗಳು ಸಾಲದಲ್ಲಿ ಮುಳುಗಿದ್ದವು. ಸಾಲ ಕೊಟ್ಟ ಬ್ಯಾಂಕುಗಳು ಸಲಹೆಗಾಗಿ ಬೈರೂತಿನಲ್ಲಿ ಹುಟ್ಟಿದ ನಿಕೊಲಾಸ್ ಹಯೆಕ್‌ರನ್ನು ಕರೆದವು. ಎರಡನ್ನೂ ಒಂದು ಮಾಡಿ, ಅಗ್ಗದ ವಾಚಿನ ಮಾರುಕಟ್ಟೆಯನ್ನು ಬಿಟ್ಟುಕೊಡಬೇಡಿ ಎಂಬ ದಿಕ್ಕಿನಲ್ಲಿ ಹಯೆಕ್ ಸಲಹೆ ಕೊಟ್ಟರು. ಕೂಲಿ ದುಬಾರಿಯಾದ ದೇಶದಲ್ಲಿ ಅಗ್ಗದ ವಾಚೇ? ಹೌದು, ಅದಕ್ಕೆ ಬೇಕಾದ ವಾಚು ಆಗಲೇ ಸಿದ್ಧವಾಗುತ್ತಿತ್ತು. ಬಿಡಿಭಾಗ ತಯಾರಿಸುವ ಎಟಾ ಕಂಪನಿಯ ಮುಖ್ಯಸ್ಥ ಅರ್ನ್ಸ್ಟ್ ಥಾಮ್ಕೆಯ ಕೈಕೆಳಗೆ ಎಲ್ಮಾರ್ ಮಾಕ್ ಮತ್ತು ಜಾಕ್ ಮುಲ್ಲರ್ ಎಂಬ ಇಬ್ಬರು ಎಂಜಿನಿಯರುಗಳಿದ್ದರು. ಮಾಕ್ ಒಂದು ದಿನ ಪ್ಲಾಸ್ಟಿಕ್ ಎರಕ ಹೊಯ್ಯುವ ದುಬಾರಿ ಯಂತ್ರವೊಂದಕ್ಕೆ ಬೇಡಿಕೆ ಸಲ್ಲಿಸಿಬಿಟ್ಟಿದ್ದ. ಥಾಮ್ಕೆ ಕರೆ ಕಳಿಸಿದಾಗ, ಕಾರಣ ತೋರಿಸಲು ಇಬ್ಬರೂ ಸೇರಿ ಗಡಿಬಿಡಿಯಲ್ಲಿ ಒಂದು ಪ್ಲಾಸ್ಟಿಕ್ ವಾಚಿನ ಚಿತ್ರ ಬರೆದರು. ಗದರಿಸಬಹುದಾಗಿದ್ದ ಥಾಮ್ಕೆ ಚಿತ್ರ ನೋಡಿ ಕೆಲಸ ಮುಂದುವರಿಸಲು ಹೇಳಿದ. ತೊಂಬತ್ತಕ್ಕೂ ಹೆಚ್ಚು ಭಾಗಗಳು ಬೇಕಿದ್ದ ಕಡೆ 51 ಭಾಗಗಳಲ್ಲಿ ವಾಚು ಮುಗಿಯಿತು. ಹಿಂಬದಿಯ ಮುಚ್ಚಳವೇ ಯಂತ್ರದ ತಳವಾಯಿತು. 1983ರ ಮಾರ್ಚ್ 1ರಂದು ಸ್ವಾಚ್ ಎಂಬ ಹೆಸರಿನಲ್ಲಿ ಅದು ಹೊರಬಂತು. 1992ರ ಹೊತ್ತಿಗೆ ಹತ್ತು ಕೋಟಿ ಸ್ವಾಚ್‌ಗಳು ತಯಾರಾಗಿದ್ದವು.

ಜನಪ್ರಿಯ ಕಥನಗಳಲ್ಲಿ ಸ್ವಾಚ್‌ನ ಕೀರ್ತಿಯೆಲ್ಲ ಹಯೆಕ್‌ಗೆ ಸಲ್ಲುತ್ತದೆ. ಅದು ಪೂರ್ತಿ ಸರಿಯಲ್ಲ. ಚಿತ್ರ ಬರೆದವರು ಬೇರೆ, ಬರೆಯಲು ಬಿಟ್ಟವರು ಬೇರೆ. ಹಯೆಕ್ ಮಾಡಿದ್ದು ಮೂರನೆಯ ಕೆಲಸ. ಬ್ಯಾಂಕುಗಳು ಅನುಮಾನಿಸುತ್ತಿದ್ದಾಗ ತನ್ನ ಮತ್ತು ಜೊತೆಗಾರರ ಹಣ ಹಾಕಿ ಕಂಪನಿಯನ್ನು ಕೊಂಡರು, ಕೈಗೆಟುಕುವ ಸ್ವಾಚ್‌ನ ಬಲದ ಮೇಲೆ ಒಮೆಗಾದಂಥ ದುಬಾರಿ ಹೆಸರುಗಳನ್ನು ಉಳಿಸಿಕೊಂಡರು, ತಯಾರಿಕೆಯನ್ನು ಸ್ವಿಟ್ಜರ್ಲೆಂಡಿನಿಂದ ಹೊರಗೆ ಹೋಗಗೊಡಲಿಲ್ಲ. ಹೊಸತನದ ಕಥೆಗಳಲ್ಲಿ ಕುರ್ಚಿಯಲ್ಲಿ ಕೂತವನ ಹೆಸರು ಉಳಿದು, ಮೇಜಿನ ಮುಂದೆ ಬಗ್ಗಿದವರ ಹೆಸರು ಮರೆಯಾಗುವುದು ವಾಡಿಕೆ. ಓದುವವರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ದೇಸಾಯಿ ಎಡವಲಿಲ್ಲ ಎಂದಲ್ಲ. ವಾಚಿನ ಗೆಲುವಿನಿಂದ ಉತ್ಸಾಹಗೊಂಡು 1990ರ ದಶಕದಲ್ಲಿ ಯೂರೋಪಿನ ಮಾರುಕಟ್ಟೆಗೆ ಇಳಿದಾಗ ಟೈಟನ್ ಕೈ ಸುಟ್ಟುಕೊಂಡಿತು. ಒಡವೆಯ ವ್ಯಾಪಾರಕ್ಕೆ ತನಿಷ್ಕ್ ತೆರೆದಾಗ ಪಾಶ್ಚಾತ್ಯ ಮಾದರಿಯ 18 ಕ್ಯಾರಟ್ ಒಡವೆಗಳನ್ನು ಮುಂದಿಟ್ಟರು. ಚಿನ್ನವೆಂದರೆ 22 ಕ್ಯಾರಟ್ ಎಂದು ನಂಬಿದ, ಕಷ್ಟಕಾಲಕ್ಕೆ ಅಡವಿಡಬಹುದಾದ ಆಸ್ತಿಯೆಂದು ಒಡವೆಯನ್ನು ಕಂಡ ಮನೆಗಳು ಅದನ್ನು ಒಪ್ಪಲಿಲ್ಲ. ನಷ್ಟ ಏರಿತು. ಅಲ್ಲಿಂದ ತನಿಷ್ಕ್ ಚೇತರಿಸಿಕೊಂಡದ್ದು 22 ಕ್ಯಾರಟ್‌ಗೆ ಹೊರಳಿದ್ದರಿಂದ, ಜೊತೆಗೆ ಕ್ಯಾರಟ್ ಮೀಟರ್ ಎಂಬ ಒಂದು ಪೆಟ್ಟಿಗೆಯಿಂದ. ಕ್ಷಕಿರಣ ಹಾಯಿಸಿ, ಒಡವೆಯನ್ನು ಕರಗಿಸದೆ, ಕೆಲವೇ ನಿಮಿಷಗಳಲ್ಲಿ ಅದರ ಶುದ್ಧತೆ ಹೇಳುವ ಯಂತ್ರ ಅದು. ಹೆಂಗಸರು ಮನೆಯಲ್ಲಿದ್ದ ಬಳೆ, ಸರಗಳನ್ನು ತಂದು ಪರೀಕ್ಷಿಸಿದರು. ಎಷ್ಟೋ ಜನರಿಗೆ ತಮ್ಮ ಒಡವೆ ಹೇಳಿದಷ್ಟು ಶುದ್ಧವಲ್ಲ ಎಂದು ಗೊತ್ತಾದದ್ದು ಆಗಲೇ. ತಂತ್ರಜ್ಞಾನವನ್ನು ಗಿರಾಕಿಯ ಕಡೆಗೆ ತಿರುಗಿಸಿ, ಆಕೆಯ ಕೈಗೇ ಸತ್ಯವನ್ನು ಕೊಟ್ಟದ್ದು ಈ ಇಡೀ ಕಥೆಯಲ್ಲೇ ಅತ್ಯಂತ ಒಳ್ಳೆಯ ತೀರ್ಮಾನ. ಇಂದು ಟೈಟನ್‌ನ ವರಮಾನದ ಬಹುಪಾಲು ಬರುವುದು ಒಡವೆಯಿಂದಲೇ.

ಭಾಸ್ಕರ್ ಭಟ್ ಅಧಿಕಾರ ವಹಿಸಿದ ವರ್ಷವೇ 'ಎಡ್ಜ್' ವಾಚು ಹೊರಬಂತು. ಅದರ ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಇಷ್ಟು ತೆಳುವಾಗಿದ್ದೂ ನೀರು ತಡೆಯುವ ವಾಚನ್ನು ಹೊಸೂರಿನ ಎಂಜಿನಿಯರುಗಳು ವರ್ಷಗಟ್ಟಲೆ ಹೆಣಗಿ ಸ್ವಂತವಾಗಿ ಮಾಡಿದ್ದರು. ಫ್ರೆಂಚರಿಂದ ಕಲಿತು ಆರಂಭಿಸಿದ ಕಾರ್ಖಾನೆ ಹದಿನೈದು ವರ್ಷಗಳಲ್ಲಿ ಇಲ್ಲಿಗೆ ಮುಟ್ಟಿತ್ತು.

ನಂತರ ಮೂರನೆಯ ಅಲೆ ಬಂತು. 2015ರಲ್ಲಿ ಆಪಲ್ ವಾಚ್ ಮಾರುಕಟ್ಟೆಗೆ ಇಳಿಯಿತು. 2019ರಲ್ಲಿ ಆಪಲ್ ಒಂದೇ 3 ಕೋಟಿಗೂ ಹೆಚ್ಚು ವಾಚುಗಳನ್ನು ಕಳಿಸಿದರೆ, ಇಡೀ ಸ್ವಿಸ್ ಉದ್ಯಮದ ಲೆಕ್ಕ 2.1 ಕೋಟಿಯ ಆಸುಪಾಸಿನಲ್ಲಿತ್ತು ಎಂಬುದು ಮಾರುಕಟ್ಟೆ ವಿಶ್ಲೇಷಕರ ಅಂದಾಜು. ಈ ಬಾರಿ ಟೈಟನ್ ಎಚ್‌ಎಂಟಿ ಇದ್ದ ಜಾಗದಲ್ಲಿ ನಿಂತಿತ್ತು. ಚೆನ್ನಾಗಿ ಮಾರಾಟವಾಗುವ ಮುಳ್ಳಿನ ವಾಚು ಕೈಯಲ್ಲಿದೆ, ಹೊಸದು ಬಾಗಿಲು ತಟ್ಟುತ್ತಿದೆ. 2016ರ ಮೊದಲ ಪ್ರಯತ್ನ ದೊಡ್ಡ ಹೆಸರು ಮಾಡಲಿಲ್ಲ. 2020ರಲ್ಲಿ ಹೈದರಾಬಾದಿನ ಹಗ್ ಇನ್ನೊವೇಷನ್ಸ್ ಎಂಬ ಸಣ್ಣ ಕಂಪನಿಯನ್ನು ಕೊಂಡು, ಅಲ್ಲಿನ ಎಂಜಿನಿಯರುಗಳ ಬಲದಿಂದ ಟೈಟನ್ ಮತ್ತು ಫಾಸ್ಟ್‌ಟ್ರ್ಯಾಕ್ ಹೆಸರಿನ ಸ್ಮಾರ್ಟ್‌ವಾಚುಗಳನ್ನು ತಂದರು. ಅಷ್ಟರಲ್ಲಿ ನಾಯ್ಸ್, ಫೈರ್‌ಬೋಲ್ಟ್, ಬೋಟ್‌ನಂಥ ಹೊಸಬರು ಒಂದೆರಡು ಸಾವಿರ ರೂಪಾಯಿಗೇ ವಾಚು ಕೊಟ್ಟು ಮುಂದೆ ಓಡಿದ್ದರು. ಬೆಲೆ ಬಿದ್ದಷ್ಟೇ ಬೇಗ ಗಿರಾಕಿಯ ಬೆರಗೂ ಇಳಿಯಿತು. 2024-25ರಲ್ಲಿ ಟೈಟನ್‌ನ ಸ್ಮಾರ್ಟ್‌ವಾಚ್ ವ್ಯಾಪಾರ ಕುಗ್ಗಿತು, ಮುಳ್ಳಿನ ವಾಚುಗಳ ವ್ಯಾಪಾರ ಬೆಳೆಯಿತು.

ಹಾಗಾದರೆ ಹೊಸದರ ಹಿಂದೆ ಓಡಿದ್ದು ತಪ್ಪೇ? ತಪ್ಪೆನ್ನಲಾಗದು. ಕ್ವಾರ್ಟ್ಜ್ ಹಳೆಯ ವಾಚಿನ ಕೆಲಸವನ್ನೇ ಹೆಚ್ಚು ಚೆನ್ನಾಗಿ ಮಾಡಿತು, ಆದ್ದರಿಂದ ಹಳೆಯದನ್ನು ಬದಿಗೆ ಸರಿಸಿತು. ಸ್ಮಾರ್ಟ್‌ವಾಚ್ ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ಫೋನಿನ ಸಂದೇಶ ತೋರಿಸುತ್ತದೆ. ಅದು ಬೇರೆಯೇ ಕೆಲಸ. ಮದುಮಗನ ಕೈಯಲ್ಲಿ ಮುಳ್ಳಿನ ವಾಚು ಇನ್ನೂ ಇದೆ. ಯಾವ ಅಲೆ ಹಳೆಯದನ್ನು ಕೊಚ್ಚಿಕೊಂಡು ಹೋಗುತ್ತದೆ, ಯಾವುದು ಪಕ್ಕದಲ್ಲಿ ಹರಿಯುತ್ತದೆ ಎಂದು ಗುರುತಿಸುವುದೇ ಮುಖ್ಯಸ್ಥನ ಎದುರಿನ ಕಷ್ಟದ ಪ್ರಶ್ನೆ. ಅದಕ್ಕೆ ಯಾವ ಎಂಜಿನಿಯರನ ವರದಿಯಲ್ಲೂ ಪೂರ್ತಿ ಉತ್ತರವಿರುವುದಿಲ್ಲ.

ಜೆರ್ಕ್ಸಿಸ್ ದೇಸಾಯಿ 2016ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು, ಎಚ್‌ಎಂಟಿ ವಾಚಸ್‌ಗೆ ಬೀಗ ಹಾಕುವ ತೀರ್ಮಾನವಾದ ಐದು ತಿಂಗಳಿಗೆ. ತುಮಕೂರಿನ ಎಚ್‌ಎಂಟಿ ಕಾರ್ಖಾನೆಯ ನೂರು ಎಕರೆಗೂ ಮಿಕ್ಕ ಜಾಗ ಇಸ್ರೋ ಪಾಲಾಗಿದೆ. ಜಾಲಹಳ್ಳಿಯಲ್ಲಿ 2019ರಿಂದ ಎಚ್‌ಎಂಟಿ ಪರಂಪರೆಯ ವಸ್ತುಸಂಗ್ರಹಾಲಯವಿದೆ. ಹೊಸ ಕಂಪನಿ ಕಟ್ಟಹೊರಟ ಹುಡುಗ ಹುಡುಗಿಯರು ಒಂದು ಮಧ್ಯಾಹ್ನ ಅಲ್ಲಿ ಕಳೆಯಬೇಕು. ಎಷ್ಟೆಲ್ಲ ಇದ್ದೂ ಒಂದು ಸಂಸ್ಥೆ ಹೇಗೆ ಸೋಲಬಹುದು ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಜಾಗ ಈ ನಾಡಿನಲ್ಲಿ ಇನ್ನೊಂದಿಲ್ಲ. ಎಚ್‌ಎಂಟಿ ಹೆಸರಿನ ಕೀ ಕೊಡುವ ವಾಚುಗಳು ಸ್ವಲ್ಪ ಸಂಖ್ಯೆಯಲ್ಲಿ ಇಂದಿಗೂ ಮಾರಾಟವಾಗುತ್ತವೆ, ಸಂಗ್ರಹಿಸುವವರು ಅವುಗಳಿಗಾಗಿ ಕಾದು ಕುಳಿತಿರುತ್ತಾರೆ. ನಿಮ್ಮ ಮನೆಯ ಬೀರುವಿನಲ್ಲಿ ಅಜ್ಜನದೋ ಅಪ್ಪನದೋ ಒಂದು ಜನತಾ ಅಥವಾ ಪೈಲಟ್ ಇದ್ದರೆ ಹೊರಗೆ ತೆಗೆದು ಒಮ್ಮೆ ಕೀ ಕೊಟ್ಟು ನೋಡಿ. ನಿಂತುಹೋಗಿದ್ದರೆ ಊರಿನ ಹಳೆಯ ವಾಚ್ ರಿಪೇರಿಯವರ ಬಳಿ ಒಯ್ಯಿರಿ, ಹೆಚ್ಚಿನವು ಮತ್ತೆ ಓಡುತ್ತವೆ.